ಗ್ರಿಲ್ ಕಟ್ಟೆಯ ಬುಡದ ಕಿಂಡಿ

ಇದನ್ನು ಹೇಳಲು ಇಷ್ಟು ವರ್ಷ ಹಿಂದೇಟು ಹಾಕಿದೆ. ಮಗಳ ಸೀಮಂತದ ಮರುದಿನ ಕಾಪುವಿನ ನಮ್ಮ ಅಂಗಳದಲ್ಲಿ ಬಂಗುಡೆ ಮೀನು ಸುಡಲು ಬೆಂಕಿಕಡ್ಡಿ ಕೈಗೆತ್ತಿಕೊಂಡಿದ್ದೆ. ಬಸುರಿ ಮಗಳು ಪಕ್ಕದಲ್ಲೇ ಕುಳಿತಿದ್ದಳು. "ಭಾವ, ಗೀರಬೇಡಿ! ಗ್ಯಾಸಿನ ವಾಸನೆ ಉಂಟು!" ಎಂದು ತಮ್ಮನ ಹೆಂಡತಿ ಜಲಜಾ ಓಡಿ ಬಂದಳು.

ತಮ್ಮ ದುಬೈಯಿಂದ ತಂದ, ಮೀನು ಸುಡುವ ಗ್ಯಾಸ್ ಗ್ರಿಲ್‌ಗೆ ಕೆಂಪು ಕಲ್ಲಿನ ಕಟ್ಟೆ ಕಟ್ಟಿಸಿದವನು ನಾನು. ಸಿಲಿಂಡರ್ ಅದರೊಳಗೇ ಇತ್ತು. ಸೋರಿದ ಗ್ಯಾಸ್ ಕೆಳಗಿಳಿಯುತ್ತದೆ, ಬುಡದಲ್ಲಿ ಕಿಂಡಿ ಬೇಕು ಎಂದು ಜಲಜಾ ಮೊದಲೇ ಹೇಳಿದ್ದಳು. "ಎಂತ, ಹಾವಿಗೆ ಮನೆ ಕಟ್ಟುವುದಾ?" ಎಂದು ನಕ್ಕು, ಮೇಸ್ತ್ರಿ ಬಿಟ್ಟಿದ್ದ ಕಿಂಡಿಗೆ ಸಿಮೆಂಟು ಮೆತ್ತಿಸಿದ್ದೆ. ನಾನಿಲ್ಲದಾಗ ಅವಳು ಅದನ್ನು ಒಡೆದು, ಹಾವು ನುಗ್ಗದಂತೆ ಜಾಲರಿ ಹಾಕಿದ್ದಳು. ಆ ಸಿಟ್ಟಿಗೆ ಅವಳೊಡನೆ ಮಾತು ಬಿಟ್ಟಿದ್ದೆ.

ಪೈಪು ಸಡಿಲವಾಗಿತ್ತು. ಗ್ಯಾಸ್ ಒಳಗೆ ತುಂಬದೆ ಕಿಂಡಿಯಿಂದ ಹೊರಬಂದದ್ದರಿಂದ ಬದುಕಿದೆವು. ಹೊಸ ಪೈಪು ಹಾಕಿ ಸಾಬೂನು ನೀರು ಹಚ್ಚಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಸಂಜೆ ಊರವರೆಲ್ಲ ಬಾಯಿ ಚಪ್ಪರಿಸಿ ತಿಂದರು.

"ಭಾರೀ ಕಟ್ಟೆ ಮಾರಾಯ್ರೆ, ಯಾರ ಪ್ಲಾನು?" ಎಂದು ಒಬ್ಬರು ಕೇಳಿದರು.

"ನನ್ನದೇ," ಎಂದೆ. ಜಲಜಾ ನಗುತ್ತ ಮೀನು ಮಗುಚಿದಳು.

ಅಂದು ಮಗಳ ಹೊಟ್ಟೆಯಲ್ಲಿದ್ದ ಮೊಮ್ಮಗಳು ಇಂದು ಅದೇ ಕಟ್ಟೆಯಲ್ಲಿ ಮೀನು ಸುಡುತ್ತಾಳೆ. ಆ ಕಿಂಡಿ ನಿನ್ನದು, ಜಲಜಾ.