ಯಾತ್ರಿಕರ ಹಿಂದೆ ನಡೆಯುವ ಪಾರಮ್ಮ

ಜಪಾನಿನ ಒಸಾಕ ನಗರಕ್ಕೆ ಇನ್ನೂ ಬೆಳಕು ಹರಿದಿಲ್ಲ. ಹೋಟೆಲಿನ ಕಿರುಕೋಣೆಯಲ್ಲಿ ತಳಕಲ್ ಊರಿನ ಪಾರಮ್ಮ ಕುಕ್ಕರಿನಲ್ಲಿ ಅನ್ನಕ್ಕಿಟ್ಟು, ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ತುಂಬುತ್ತಿದ್ದಾರೆ. ಮನಸ್ಸೆಲ್ಲ ಪಕ್ಕದ ಕೋಣೆಯ ವಿರೂಪಾಕ್ಷಮ್ಮನವರ ಮೇಲೆ. ಸಕ್ಕರೆ ಕಾಯಿಲೆಯ ಆ ಹಿರಿಯರು ಗುಳಿಗೆ ನುಂಗಿದ್ದಾರೆ, ತುತ್ತು ಮುಟ್ಟಿಲ್ಲ. ತೀರಿಹೋದ ಯಜಮಾನರ ಹೆಸರಿನಲ್ಲಿ ಇಂದು ದೇಗುಲದಲ್ಲಿ ಮಾಡಿಸುವ ಕಾರ್ಯ ಮುಗಿಯದೆ ಉಣ್ಣುವುದಿಲ್ಲವೆಂಬ ಹಟ.

ಪಾರಮ್ಮ ಮೊದಲು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಗಂಡ ತೀರಿದ ಮೇಲೆ ಗಂಗಾವತಿಯ ತಿರುಮಲೇಶ ನಡೆಸುವ ಯಾತ್ರಾ ತಂಡಕ್ಕೆ ಅಡುಗೆಗೆ ಸೇರಿದರು. ಕಾಶಿ, ನೇಪಾಳ ಆಗಿ ಈಗ ಜಪಾನು. ನಿನ್ನೆ ಸುಮಿಯೋಶಿ ದೇಗುಲದ ಕಮಾನು ಸೇತುವೆಯನ್ನು ಹಿರಿಯರೆಲ್ಲ ಇವರ ಕೈ ಹಿಡಿದೇ ದಾಟಿದ್ದಾರೆ. "ಮಂದಿ ಗುಡಿ ನೋಡ್ತಾರ್ರಿ. ನಾ ಅವರ ಕಾಲು ನೋಡ್ಕೋತ ಹೋಗ್ತೀನಿ," ಎಂದು ನಗುತ್ತಾರೆ.

ಇಂದು ನಗು ಇಲ್ಲ. ಪುರಾತನವಾದ ಶಿತೆನ್ನೋಜಿ ಬೌದ್ಧ ದೇವಾಲಯದ ಒಂದು ಮಂಟಪದಲ್ಲಿ ಕಲ್ಲಾಮೆಯ ಬಾಯಿಂದ ನೀರು ಬೀಳುತ್ತದೆ. ಸತ್ತವರ ಹೆಸರನ್ನು ತೆಳ್ಳನೆಯ ಮರದ ಪಟ್ಟಿಯ ಮೇಲೆ ಬರೆಸಿ ಆ ನೀರಿಗೆ ಬಿಡುವುದು ಅಲ್ಲಿಯ ರೂಢಿ. ತಂಡ ಅಲ್ಲಿಗೆ ಬಂದಿದೆ; ಬರೆಯುವವರು ಕುಂಚ ಹಿಡಿದು ಕಾಯುತ್ತಿದ್ದಾರೆ.

"ಪಾಸ್‌ಪೋರ್ಟಿನಾಗಿನ ನಿಮ್ಮ ಯಜಮಾನರ ಹೆಸರು ಬರಸ್ತೀನಿ ತಗೋರಿ," ಎನ್ನುತ್ತಾನೆ ತಿರುಮಲೇಶ.

"ಬ್ಯಾಡಪ, ನಾನಽ ಹೇಳಬೇಕು," ಎಂದ ವಿರೂಪಾಕ್ಷಮ್ಮನವರಿಗೆ ನಾಲಿಗೆ ಏಳುವುದಿಲ್ಲ. ಬಾಳಿದಷ್ಟು ಕಾಲವೂ ಗಂಡನ ಹೆಸರು ಹಿಡಿದು ಕರೆದವರಲ್ಲ. ಹಿಂದೆ ಸರತಿ ಸಾಲು ಬೆಳೆಯುತ್ತದೆ. ಖಾಲಿ ಹೊಟ್ಟೆಯ ಗುಳಿಗೆಗೆ ಮೈಯ ಸಕ್ಕರೆ ತೀರಾ ಇಳಿದು ಅವರ ಹಣೆ ಬೆವರುತ್ತದೆ. ಪಾರಮ್ಮ ಬಾಯಿಗೆ ಹಿಡಿದ ಬೆಲ್ಲದ ಚೂರನ್ನು ಅವರು ದೂಡುತ್ತಾರೆ. ಇಲ್ಲೇ ಕುಸಿದರೆ ಗತಿಯೇನೆಂದು ಪಾರಮ್ಮ ಅವರ ತೋಳು ಹಿಡಿದು ಕಿವಿಯ ಬಳಿ ಬಾಗುತ್ತಾರೆ.

"ಅಮ್ಮಾರ, ಲಗ್ನದಾಗ ಒಡಪು ಹಾಕಿ ಹೆಸರು ಹೇಳಿರಿಲ್ಲೊ? ಹಂಗಽ ಹೇಳ್ರಿ."

"ಹುಚ್ಚಿ! ಸೋಬಾನದ ಮಾತು ಸತ್ತವರ ಮುಂದ ಹೇಳ್ತಾರೇನ?"

"ಹಂಗಾರ ಮೊದಲು ನಾ ಹೇಳ್ತೀನಿ, ಬೈಯೂದಿದ್ರ ನನ್ನ ಬೈರಿ." ಗಂಡ ಹೋದಾಗಿನಿಂದ ಒಮ್ಮೆಯೂ ಎತ್ತದ ಹೆಸರನ್ನು ಪಾರಮ್ಮ ಎತ್ತುತ್ತಾರೆ: "ಬೇವೂರ ಹೊಲಕ ಬೇವಿನ ನೆರಳು, ಅಯ್ಯಪ್ಪನವರ ಕೈಯಾಗ ನನ್ನ ಕಿರುಬೆರಳು."

ವಿರೂಪಾಕ್ಷಮ್ಮ ಪಾರಮ್ಮನ ಮುಖವನ್ನೇ ನೋಡುತ್ತಾರೆ. ಸೆರಗು ತಲೆಗೆಳೆದುಕೊಂಡು, ಮೆಲ್ಲಗೆ: "ಭತ್ತದ ಗದ್ದಿಗಿ ಕಾಲುವಿ ನೀರು, ಕೊಟ್ರಪ್ಪನವರಿಲ್ಲದ ಮನಿಗಿ ಯಾರು?"

ಕುಂಚ ಆಡುತ್ತದೆ. ಪಟ್ಟಿ ನೀರಿಗಿಳಿಯುತ್ತದೆ. ಶಿವಾ ಎಂದು ಕೈಮುಗಿದ ಹಿರಿಯರನ್ನು ಪಾರಮ್ಮ ಹೊರಗೆ ಕಟ್ಟೆಯ ಮೇಲೆ ಕೂರಿಸಿ ಬೆಲ್ಲ ತಿನ್ನಿಸಿ, ಡಬ್ಬಿ ಬಿಚ್ಚುತ್ತಾರೆ.

"ನಿಮ್ಮವರದೂ ಬರಸೂಣೇನು ಪಾರಮ್ಮಾರ?" ಎಂದು ತಿರುಮಲೇಶ ಕೇಳುತ್ತಾನೆ.

ಪಾರಮ್ಮ ಅನ್ನ ಕಲಸುತ್ತಲೇ ಹೇಳುತ್ತಾರೆ: "ಮುಂದಿನ ಸಲ ಬಂದ್ರ ಬರಸೂಣ್ರಿ. ಈಗ ಅಮ್ಮಾರು ಉಣ್ಲಿ. ನಮ್ಮವರು ಬದುಕಿದ್ದಾಗೂ ಎಲ್ಲಾರದು ಆದ ಮ್ಯಾಲೇ ಉಣ್ಣಾಕ ಕುಂದರ್ತಿದ್ರು. ಈಗೂ ತಡೀತಾರ."