ಹಾಲವ್ವನ ಮೂರು ಬೆಣ್ಣೆ

ಹಾಲವ್ವನ ಕೈ ಬೇಸಿಗೆಯ ಮಧ್ಯಾಹ್ನದಲ್ಲೂ ತಣ್ಣಗಿರುತ್ತಿತ್ತು. ಹಗರಿಬೊಮ್ಮನಹಳ್ಳಿಯ ಬಿಸಿಲಿಗೆ ಬೆಣ್ಣೆ ಎನ್ನುವುದು ಅಂಗೈಗೆ ತೆಗೆದುಕೊಳ್ಳುವಷ್ಟರಲ್ಲಿ ಮೊಣಕೈಗೆ ಇಳಿದಿರುತ್ತದೆ. ಆಕೆಯ ಕೈಯಲ್ಲಿ ಮಾತ್ರ ಅದು ಹೇಳಿದ ಮಾತು ಕೇಳುತ್ತಿತ್ತು. "ಸತ್ತೋರ ಕೈ ಇದ್ದಂಗ ಐತಿ ನಿಂದು" ಎಂದು ನಾನೇ ಒಮ್ಮೆ ಅಂದಿದ್ದೆ. "ಬದುಕಿದ್ದೋರು ಉಣ್ಣಾಕ ಇಂಥಾ ಕೈನ ಬೇಕು, ಸುಮ್ಕಿರು" ಎಂದಳು.

ಚೆಲುವೆಯಲ್ಲ. ಸಿಹಿ ಮಾತಿನವಳೂ ಅಲ್ಲ. ಎತ್ತರದ ಆಳು, ಸೀರೆ ಎತ್ತಿ ಕಟ್ಟಿ ಓಡಾಡಿದರೆ ಅಡುಗೆಮನೆ ಚಿಕ್ಕದಾಗುತ್ತಿತ್ತು. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ "ಅವನ ಪಾಡಿಗೆ ಅವ ಅದಾನ" ಎನ್ನುತ್ತಿದ್ದಳು. ಮುಂದೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಹಡಗಲಿ ಕಡೆಯಿಂದ ಆಕೆಯ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಆಳು ಬೇಕೆಂದಳು, ಹೋದೆ.

ಖಾನಾವಳಿ ಎಂದರೆ ಬಸ್ ಸ್ಟ್ಯಾಂಡಿನ ಹಿಂದೆ ಸಾಹುಕಾರ ಕೊಟ್ರಪ್ಪನ ತಗಡಿನ ಶೆಡ್ಡು. ಆಕೆಯ ಪಲ್ಯಗಳಲ್ಲಿ ಗುಟ್ಟೇನೂ ಇರಲಿಲ್ಲ. ಬೇಯಿಸಿದ ಚವಳಿಕಾಯಿ, ಸುಲಿದ ಆಲೂಗಡ್ಡೆ, ಹೆಸರುಕಾಳು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ. ಇದ್ದದ್ದು ಮೂರು ಬೆಣ್ಣೆ. ಬೆಳ್ಳುಳ್ಳಿ, ಉಪ್ಪು ಕುಟ್ಟಿ ಕಲಸಿದ್ದು ಚವಳಿಕಾಯಿಗೆ. ಹಸಿಮೆಣಸಿನಕಾಯಿ, ಕೊತ್ತಂಬರಿ ಅರೆದು ಕಲಸಿದ್ದು ಆಲೂಗಡ್ಡೆಗೆ. ಹುರಿದ ಜೀರಿಗೆ, ಮೆಣಸು ಸೇರಿದ್ದು ಕಾಳಿಗೆ. ಮೂರನ್ನೂ ಮೂರು ಗಡಿಗೆಯಲ್ಲಿ ತುಂಬಿ, ಹಸಿ ಮರಳಿನಲ್ಲಿ ಹೂತಿಡುತ್ತಿದ್ದಳು.

ಕೊಟ್ರಪ್ಪನಿಗೆ ಇದು ಹಿಡಿಸಿರಲಿಲ್ಲ. ಮೆಣಸಿನಕಾಯಿ ಬಜ್ಜಿ ಕರಿಯುವವನೊಬ್ಬ ಶೆಡ್ಡು ಕೇಳುತ್ತಿದ್ದ. "ಜಡ್ಡಾದೋರು ಉಣ್ಣೋ ಊಟ ಇದು ಹಾಲವ್ವ. ಸಂತಿ ದಿನ ಮಧ್ಯಾಹ್ನ ಬರ್ತೀನಿ. ಶೆಡ್ಡು ತುಂಬಿದ್ರ ನಿನ್ನದು. ಇಲ್ಲಾಂದ್ರ ಗಡಿಗಿ ಎತ್ತು" ಎಂದು ಹೇಳಿಹೋದ. ಶೆಡ್ಡು ಹೋದರೆ ಆಕೆ ಕೂಡ್ಲಿಗಿಯ ಅಣ್ಣನ ಮನೆಗೆ ಹೋಗಿ ಬೀಳಬೇಕು. ಅಲ್ಲಿ ಒಲೆ ಅತ್ತಿಗೆಯದು, ಈಕೆಗೆ ಸಗಣಿ ಬುಟ್ಟಿ.

ಸಂತೆಯ ಬೆಳಗ್ಗೆ ಹಿಟ್ಟು ತರಲು ಗಿರಣಿಗೆ ಹೊರಟವಳು ನನ್ನ ಕಡೆ ತಿರುಗಿ, "ಲೇ ಗೌರಿ, ಬೆಣ್ಣಿ ನೋಡ್ಕೋ" ಎಂದಳು. ನಾನು ಸೇರಿ ನಾಲ್ಕು ದಿನವಾಗಿತ್ತು, ರೊಟ್ಟಿ ಬಿಟ್ಟು ತಲೆ ಎತ್ತಿರಲಿಲ್ಲ. ನನ್ನ ತವರಿನಲ್ಲಿ ಬೆಣ್ಣೆ ನೋಡಿಕೊಳ್ಳುವುದು ಎಂದರೆ ಒಂದೇ: ಒಲೆಯ ಮೇಲಿಟ್ಟು, ಉಕ್ಕದಂತೆ ಮುಂದೆ ಕೂತು ತುಪ್ಪ ಕಾಸುವುದು. ಮೂರೂ ಗಡಿಗೆ ಒಂದೇ ಪಾತ್ರೆಗೆ ಸುರಿದು ಕಾಸಿದೆ. ಬೆಳ್ಳುಳ್ಳಿ ಕಪ್ಪಾಯಿತು, ಕೊತ್ತಂಬರಿ ಸೀದು ತಳ ಹಿಡಿಯಿತು. ಇಷ್ಟು ಕಸ ಇರುವ ಬೆಣ್ಣೆ ಈಕೆಗೆ ಯಾರು ಕೊಟ್ಟರೋ ಎಂದು ಬೈದುಕೊಂಡು, ಸೋಸಿ ಬೇರೆ ಇಟ್ಟೆ.

ಹಾಲವ್ವ ಬಂದು ಬೆರಳು ಅದ್ದಿ ನೆಕ್ಕಿದಳು. ಉಗುಳಿದಳು.

"ಬೆಕ್ಕು ಬರ್ತೈತಿ ನೋಡ್ಕೋ ಅಂದಿದ್ದೆ. ಬೆಕ್ಕಾದ್ರ ಒಂದು ಗಡಿಗಿ ಬಿಡ್ತಿತ್ತು!"

"ತುಪ್ಪ ಕಾಸು ಅಂದಿ ಅನ್ಕಂಡೆ."

"ಪಲ್ಯ ಒಲಿ ಮ್ಯಾಲಿಂದ ಇಳಿಸಿ ಬೆಣ್ಣಿ ಹಾಕಬೇಕು. ಬೆಣ್ಣಿ ಕರಗ್ಬೇಕಲೇ, ಕಾಯಬಾರ್ದು. ಕಾದ್ರ ತುಪ್ಪ. ತುಪ್ಪ ಎಲ್ಲಾರ ಮನ್ಯಾಗ ಐತಿ."

ನಾನು ಸೆರಗು ಕೊಡವಿ ಎದ್ದೆ. "ಎಲ್ಲಿಗಿ?" ಎಂದಳು. ಮನೆಗೆ ಎಂದೆ. "ಮಸಿ ಪಾತ್ರಿ ನಿಮ್ಮತ್ತಿ ಬಂದು ತಿಕ್ತಾಳೇನು? ಬೆಳ್ಳುಳ್ಳಿ ಸುಲಿ." ಅಷ್ಟು ಹೇಳಿ, ಖಾಲಿ ಕೊಡ ಎತ್ತಿಕೊಂಡು ಸಂತೆಗೆ ನಡೆದಳು. ನಾನೂ ಬೆಳ್ಳುಳ್ಳಿ ಉಡಿಯಲ್ಲಿ ಕಟ್ಟಿಕೊಂಡು, ಸುಲಿಯುತ್ತಲೇ ಹಿಂದೆ ಓಡಿದೆ.

ಹಂಪಸಾಗರದ ಕಡೆಯ ಹೆಂಗಸರು ಗೋಡೆಯ ನೆರಳಿಗೆ ಬೆಣ್ಣೆ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದರು. ಹಾಲವ್ವ ಅವರ ಮುಂದೆ ನಿಂತು, "ಕೈಯಾಗ ರೊಕ್ಕ ಇಲ್ಲ. ಬೆಣ್ಣಿ ಕೊಡ್ರಿ, ಊಟ ಹಾಕ್ತೀನಿ. ಒಳಗ ಕುಂತು, ಎಲಿ ಹಾಕ್ಕೊಂಡು ಉಣ್ರಿ" ಎಂದಳು.

ಅವರು ಮುಖ ಮುಖ ನೋಡಿಕೊಂಡರು. ಆಗ ನಮ್ಮಲ್ಲಿ ಹೆಂಗಸರು ಖಾನಾವಳಿಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಬುತ್ತಿ ಬಿಚ್ಚಿ, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಸಣ್ಣವ್ವ ಎಂಬ ಮುದುಕಿ, "ಖಾನಾವಳ್ಯಾಗ ನಾವಾ? ನಮ್ಮ ಗಂಡಸರು ಕಂಡ್ರ?" ಎಂದಳು.

"ಕಂಡ್ರ ಅವ್ರಿಗೂ ಹಾಕ್ತೀನಿ. ಏಳು!"

ಸಣ್ಣವ್ವ ಎದ್ದಳು. ಆಕೆ ಎದ್ದ ಮೇಲೆ ಉಳಿದವರೂ ಎದ್ದರು.

ನಾನು ಕುಟ್ಟಿದೆ, ಅರೆದೆ, ಹಾಲವ್ವ ಕಲಸಿದಳು. ಬೆಂದ ಚವಳಿಕಾಯಿ ಒಲೆಯಿಂದ ಇಳಿಸಿ, ಬೆಣ್ಣೆ ಹಾಕಿ, ಮುಚ್ಚಳ ಮುಚ್ಚಿದಳು. ಮುಚ್ಚಳ ತೆಗೆದಾಗ ಎದ್ದ ಬೆಳ್ಳುಳ್ಳಿ ಘಮ ತಗಡಿನ ತೂತುಗಳಿಂದ ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ಸಣ್ಣವ್ವ ಮೊದಲ ತುತ್ತು ಬಾಯಿಗಿಟ್ಟು ಅಲ್ಲೇ ನಿಲ್ಲಿಸಿದಳು.

"ಇದು ನಾ ಕಡದ ಬೆಣ್ಣ್ಯಾ?"

"ಹೂಂ. ಯಾಕ?"

"ರುಚಿ ನೋಡಿರಲಿಲ್ಲ ಬಿಡವ್ವ" ಎಂದಳು. ಬೆಣ್ಣೆ ಸಂತೆಗೆ, ಮಜ್ಜಿಗೆ ಮನೆಗೆ. ಆಕೆಯ ಬದುಕು ಹಾಗೇ ಕಳೆದಿತ್ತು. ಎಲೆಯನ್ನು ಮುಂದಕ್ಕೆ ತಳ್ಳಿ, "ಇನ್ನೊಂದೀಟು ಹಾಕು" ಎಂದಳು.

ಕೊಟ್ರಪ್ಪ ಬಂದಾಗ ಒಳಗೆ ಕಾಲಿಡಲು ಜಾಗ ಇರಲಿಲ್ಲ. "ಏನಿದು, ಹೆಂಗಸರನ್ನ ಕುಂದರ್ಸೀದಿ?"

ಹಾಲವ್ವ ಬಡಿಸುವುದನ್ನು ನಿಲ್ಲಿಸಲಿಲ್ಲ. "ಶೆಡ್ಡು ತುಂಬಬೇಕು ಅಂದ್ರಿ, ತುಂಬೈತಿ. ಬರೇ ಗಂಡಸರು ತುಂಬಬೇಕು ಅಂದಿರಲಿಲ್ಲ."

"ಸಾಹುಕಾರ್ರ, ಬಾಗಲ ಬಿಟ್ಟು ನಿಂದರ್ರಿ, ಗಾಳಿ ಬರವಲ್ದು" ಎಂದು ಸಣ್ಣವ್ವ ಕೂಗಿದಳು. ಇಡೀ ಸಾಲು ನಕ್ಕಿತು. ಆತನ ಬೆನ್ನಿಗೆ ಆಗಲೇ ಗಂಡಸರು ಘಮ ಹಿಡಿದು ಬಂದು ನಿಂತಿದ್ದರು. ಕೊಟ್ರಪ್ಪ ಒಂದು ಎಲೆ ಖಾಲಿಯಾಗುವವರೆಗೆ ಕಾದು, ಕೂತು, ಆಲೂಗಡ್ಡೆ ಮೂರು ಸಲ ಹಾಕಿಸಿಕೊಂಡ. ಶೆಡ್ಡಿನ ಮಾತು ಮತ್ತೆ ತೆಗೆಯಲಿಲ್ಲ. ಬಜ್ಜಿಯವನು ಕೊಟ್ಟೂರಿಗೆ ಹೋದ.

ಮುಂದೆ ಅಲ್ಲಿ ಹೆಂಗಸರಿಗೇ ಒಂದು ಸಾಲು ಆಯಿತು. ಹಾಲವ್ವ ನನ್ನನ್ನು ಒಂದು ದಿನವೂ ಹೊಗಳಲಿಲ್ಲ; ಒಲೆಯನ್ನು ಮಾತ್ರ ನನಗೆ ಬಿಟ್ಟಳು.

ಆಕೆಯನ್ನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದ ಕೊನೆಗೆ, ಹರಪನಹಳ್ಳಿಯ ದವಾಖಾನೆಯಲ್ಲಿ. ಎಲುಬು ಎಣಿಸುವ ಹಾಗಾಗಿದ್ದಳು. ಹೇಗಿದ್ದೀಯ ಎಂದು ನಾನು ಕೇಳಲಿಲ್ಲ, ಕಾಣುತ್ತಿತ್ತು. ಆಕೆಯೇ, "ಹೆಂಗಸರು ಬರ್ತಾರೇನು?" ಎಂದಳು.

"ಬರ್ತಾರ. ಮೊನ್ನಿ ಒಬ್ಬಾಕಿ ಗಂಡನ್ನ ಕೂಸಿನ ಜೋಡಿ ಹೊರಗಿನ ಕಟ್ಟಿ ಮ್ಯಾಲ ಕುಂದರ್ಸಿ, ತಾ ಒಳಗ ಬಂದು ಉಂಡು ಹೋದ್ಲು."

"ಅವನಿಗೆ?"

"ಆಮ್ಯಾಲ ಬಾ ಅಂದ್ಲು."

ಹಾಲವ್ವ ನಕ್ಕಳು. ಆ ಕಡೆ ಮಂಚದವರೆಲ್ಲ ಎದ್ದು ಕೂತು ನೋಡುವಷ್ಟು ಜೋರಾಗಿ ನಕ್ಕಳು. ಇಷ್ಟು ನಗುವವಳು ಸಾಯುವುದಿಲ್ಲ ಎಂದುಕೊಂಡು ನಾನು ಸಂಜೆಯ ಬಸ್ಸು ಹತ್ತಿದೆ. ಸತ್ತಳು. ಸುದ್ದಿ ಬಂದ ಹೊತ್ತಿಗೆ ಶೆಡ್ಡು ತುಂಬಿತ್ತು. ಉಣ್ಣುತ್ತಿದ್ದವರನ್ನು ನಾನು ಎಬ್ಬಿಸಲಿಲ್ಲ.