ಸ್ಯಾಂಪಲ್ ಇರಲಿ ಎಂದು ಇಟ್ಟ ಪಿನ್ನುಗಳು

ಆ ದಿನ ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಸುಡುಬಿಸಿಲಿತ್ತು ಎನ್ನುತ್ತಾನೆ ನನ್ನ ಪಾಲುದಾರ. ಧಾರವಾಡದಲ್ಲಿ ಒಂದೇ ಬೆಂಚಿನ ಮೇಲೆ ಕೂತು ಎಲೆಕ್ಟ್ರಾನಿಕ್ಸ್ ಓದಿದವರು ನಾವು. ಅಳೆಯದೆ ಯಾವುದನ್ನೂ ನಂಬಬಾರದೆಂದು ಕಲಿತವರು. ಮಳೆಯನ್ನು ಯಾರೂ ಅಳೆದಿರಲಿಲ್ಲ. ಪರದೆಯ ಮೇಲೆ ಕೆಂಪು ಸಾಲು ಬಂದದ್ದರ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ.

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಶೆಡ್ಡು. ಹಾಲು ತಣ್ಣಗಿಡುವ ಯಂತ್ರಗಳಿಗೆ ಬೋರ್ಡು ತಯಾರಿಸುತ್ತೇವೆ. ಬೋರ್ಡಿನ ಮೇಲಿನ ಚಿಪ್ಪು ಅಂಗಡಿಯಿಂದ ಬರುವಾಗ ಖಾಲಿ ಇರುತ್ತದೆ. ಅದನ್ನು ಪ್ರೋಗ್ರಾಮರ್ ಎಂಬ ಸಣ್ಣ ಪೆಟ್ಟಿಗೆಯ ಸಾಕೆಟ್ಟಿನಲ್ಲಿ ಕೂರಿಸಿ, ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತುಂಬುವುದು ನನ್ನ ಕೆಲಸ. ಸಾಕೆಟ್ಟಿನೊಳಗೆ ಸಾಲಾಗಿ ಸ್ಪ್ರಿಂಗ್ ಪಿನ್ನುಗಳಿರುತ್ತವೆ. ಚಿಪ್ಪಿನ ಕಾಲುಗಳನ್ನು ಮುಟ್ಟುವುದು ಅವೇ. ಚಿಪ್ಪು ಹಾಕಿ ತೆಗೆದು, ಹಾಕಿ ತೆಗೆದು, ಅವುಗಳ ತುದಿಯ ಚಿನ್ನದ ಲೇಪ ಸವೆದುಹೋಗುತ್ತದೆ. ಆಮೇಲೆ ಅವು ಮುಟ್ಟಿಯೂ ಮುಟ್ಟದ ಹಾಗೆ.

ಹಿಂದಿನ ಸಲ ಕಳಿಸಿದ ಕೆಲವು ಬೋರ್ಡುಗಳು ತಿರುಗಿ ಬಂದಿದ್ದವು. ಎಲ್ಲೋ ಮೋಟಾರು ನಿಂತು ಹಾಲು ಒಡೆದಿತ್ತು. ನಮಗಿದ್ದವನು ಒಬ್ಬನೇ ಗಿರಾಕಿ. ಅವನು ಫೋನಿನಲ್ಲಿ ಕೂಗಾಡಲಿಲ್ಲ. "ಇನ್ನೊಮ್ಮೆ ಹಿಂಗಾತಂದ್ರ ನಮ್ದು ನಿಮ್ದು ಮುಗೀತ್ರಿ" ಎಂದು ಮೆತ್ತಗೆ ಹೇಳಿದ. ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕೈಬಿಟ್ಟರೆ ಶೆಡ್ಡಿಗೆ ಬೀಗ. ಬೋರ್ಡುಗಳ ಹೊಸ ಲಾಟು ಆ ಸಂಜೆ ಟೆಂಪೋ ಹತ್ತಬೇಕಿತ್ತು.

ಆಗ ಬಂತು ಕೆಂಪು ಸಾಲು: ಚಿಪ್ಪು ತುಂಬಿಲ್ಲ ಎಂದು. ಅದೇ ಚಿಪ್ಪು ತೆಗೆದು ಮತ್ತೆ ಹಾಕಿದರೆ ಪಾಸು. ಇನ್ನೊಮ್ಮೆ ಹಾಕಿದರೆ ಫೇಲು.

"ಪಿನ್ ಸವದಾವ," ಎಂದೆ. "ಹೊಸಾವು ಅದಾವ, ಡ್ರಾವರ್‌ನಾಗ ಇಟ್ಟೇನಿ."

"ಡ್ರಾವರ್‌ನಾಗ ಅದಾವೋ, ನಿನ್ನ ತಲ್ಯಾಗ ಅದಾವೋ?" ಎಂದ ಪಾಲುದಾರ.

ಡ್ರಾವರಿನಲ್ಲೇ ಇದ್ದವು. ಪಿನ್ನುಗಳು ಬಂದಿದ್ದ ಅದೇ ಕವರು, ಮೇಲೆ ಕಂಪನಿಯ ಚೀಟಿ. ಅದನ್ನು ತಂದ ಕೊರಿಯರ್‌ನವನು ಬಾಗಿಲಲ್ಲಿ ನಿಂತು ರೇನ್‌ಕೋಟು ಕೊಡವಿದ್ದು ಕೂಡ ನನಗೆ ನೆನಪಿತ್ತು. ಚಿಮಟದಲ್ಲಿ ಒಂದೊಂದೇ ಹಳೆಯ ಪಿನ್ನು ಎಳೆದು ಸ್ಟೀಲಿನ ಬಟ್ಟಲಿಗೆ ಹಾಕಿದೆ. ಕವರಿನವನ್ನು ಒಂದೊಂದಾಗಿ ಕೂರಿಸಿದೆ. ಕತ್ತು ಹಿಡಿದುಕೊಂಡಿತ್ತು. ಚಿಪ್ಪು ಹಾಕಿ ಗುಂಡಿ ಒತ್ತಿದೆ. ಕೆಂಪು. ಮತ್ತೊಂದು ಚಿಪ್ಪು. ಕೆಂಪು. ಈಗ ಒಂದೂ ಪಾಸಾಗುತ್ತಿರಲಿಲ್ಲ.

ನಾನು ತುಂಬಿಕೊಟ್ಟ ಚಿಪ್ಪುಗಳನ್ನು ಬೋರ್ಡಿಗೆ ಬೆಸುಗೆ ಹಾಕುವ ಅಕ್ಕ ತಲೆ ಎತ್ತಿದಳು. "ಹೊಸಾವು ಹಾಕಿದ ಮ್ಯಾಲೆ ಇನ್ನೂ ಕೆಡ್ತಲ್ರಿ ಸರ."

"ಇವಗ ದೇವರ ಮ್ಯಾಲೂ ನಂಬಿಗಿಲ್ಲ, ಪಿನ್ನಿನ ಮ್ಯಾಲೂ ನಂಬಿಗಿಲ್ಲ," ಎಂದ ಪಾಲುದಾರ. "ಎರಡೂ ಸಿಟ್ಟಾಗ್ಯಾವ."

ನಾನು ಕೇಬಲ್ ಬದಲಿಸಿದೆ. ಕಂಪ್ಯೂಟರ್ ಬದಲಿಸಿದೆ. ಕೊನೆಗೆ, ಮೊದಲೇ ಮಾಡಬೇಕಿದ್ದುದನ್ನು ಮಾಡಿದೆ: ಭೂತಗನ್ನಡಿ ಹಿಡಿದು ಸಾಕೆಟ್ಟಿನೊಳಗೆ ನೋಡಿದೆ. ನನ್ನ ಹೊಸ ಪಿನ್ನುಗಳ ತುದಿಗಳು ಕಪ್ಪಾಗಿ ಚಪ್ಪಟೆಯಾಗಿದ್ದವು.

ನಮ್ಮ ಕಡೆ ಒಂದು ರೂಢಿಯಿದೆ. ಯಾವುದೇ ಹೊಸ ಸಾಮಾನು ಹಾಕಿದಾಗ, ಬಿಚ್ಚಿದ ಹಳೆಯದನ್ನು ಹೊಸದರ ಕವರಿನಲ್ಲೇ ಇಡುವುದು. ಮುಂದೆ ಬೇಕಾದಾಗ ದುರ್ಗದಬೈಲಿನ ಪೇಟೆಗೆ ಒಯ್ದು "ಇಂಥಾದ್ದ ಕೊಡ್ರಿ" ಎಂದು ತೋರಿಸಲಿಕ್ಕೆ. ನಲ್ಲಿಯ ವಾಷರಿನಿಂದ ಬೇರಿಂಗಿನವರೆಗೆ ಎಲ್ಲಕ್ಕೂ ಇದೇ. ದುರ್ಗದಬೈಲಿನಲ್ಲಿ ಸಿಗದ ಈ ಪಿನ್ನಿಗೂ ಕೈ ತಾನಾಗಿ ಅದನ್ನೇ ಮಾಡಿತ್ತು. ಹೊಸವನ್ನು ಹಿಂದೆಂದೋ ಹಾಕಿಬಿಟ್ಟಿದ್ದೆ; ಈಗ ಎಳೆದು ಬಟ್ಟಲಿಗೆ ಹಾಕಿದ್ದು ಅವನ್ನೇ. ಕವರಿನಲ್ಲಿದ್ದವು ಅವಕ್ಕಿಂತ ಹಳೆಯವು.

ಕೊರಿಯರ್‌ನವನ ರೇನ್‌ಕೋಟು ನೆನಪಿದೆ. ಆ ಪಿನ್ನುಗಳನ್ನು ಕೂರಿಸಿದ ಮಧ್ಯಾಹ್ನ ತಲೆಯೊಳಗೆ ಎಲ್ಲೂ ಇಲ್ಲ. ಎಷ್ಟು ಹುಡುಕಿದರೂ ಇಲ್ಲ. ಹಾಗಾದರೆ ರೇನ್‌ಕೋಟಾದರೂ ಖರೇ ಇತ್ತೇ?

"ಬೆಂಗಳೂರಿಂದ ತರಸೂದಂದ್ರ ನಾಕು ದಿನ," ಪಾಲುದಾರ ಫೋನ್ ಇಟ್ಟು ಸ್ಟೂಲಿನ ಮೇಲೆ ಕುಸಿದ. "ಟೆಂಪೋದವಗ ಬರಬ್ಯಾಡ ಅನ್ಲೇನು?"

"ತಡಿ."

ಚಿಪ್ಪಿಗೆ ಕಾಲು ಬಹಳ. ತುಂಬುವಾಗ ಬೇಕಾಗುವುದು ಐದೇ. ಬಟ್ಟಲಿನ ಪಿನ್ನುಗಳನ್ನು ಬಿಳಿ ಹಾಳೆಯ ಮೇಲೆ ಹರವಿ, ತುದಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದ್ದ ಐದನ್ನು ಆರಿಸಿದೆ. ಆ ಐದು ಜಾಗದಲ್ಲಿ ಅವನ್ನು ಕೂರಿಸಿದೆ. ಹಸಿರು ಸಾಲು ಬಂತು.

ಆ ಹಸಿರನ್ನೂ ನಂಬುವ ಹಾಗಿರಲಿಲ್ಲ. ತಿರುಗಿ ಬಂದ ಬೋರ್ಡುಗಳ ಚಿಪ್ಪುಗಳೂ ಇದೇ ಹಸಿರು ತೋರಿಸಿದ್ದವು. ಪ್ರತಿ ಚಿಪ್ಪನ್ನೂ ತುಂಬಿ, ಹೊರತೆಗೆದು, ಮತ್ತೆ ಕೂರಿಸಿ, ತುಂಬಿದ್ದೆಲ್ಲ ಸರಿಯಾಗಿದೆಯೇ ಎಂದು ಪ್ರೋಗ್ರಾಮರಿನಿಂದ ಓದಿಸಿದೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿರುವ ಚಿಪ್ಪನ್ನು ಓದಿಸಿದೆನೋ ಇಲ್ಲವೋ ತಿಳಿಯದಾಯಿತು.

"ಇದು ಓದಿಸಿದ್ದೋ, ಓದಿಸಬೇಕಾದದ್ದೋ?"

"ಓದಿಸಬೇಕಾದದ್ದು," ಎಂದ ಪಾಲುದಾರ. ಅಂದಿನಿಂದ ಅವನೇ ನನ್ನ ನೆನಪು.

ಹೊರಗೆ ಟೆಂಪೋ ಹಾರ್ನ್ ಹೊಡೆಯತೊಡಗಿತು. "ಎರಡೆರಡು ಸಲ ನೋಡೂದು ಸಾಕಲೇ ದೋಸ್ತ, ಉಳದಾವನ್ನ ಹಂಗ ಬಿಡು," ಎಂದ. ಅಷ್ಟರಲ್ಲೇ ಹಸಿರು ತೋರಿಸಿದ್ದ ಚಿಪ್ಪೊಂದು ಓದಿಸುವಾಗ ಕೆಂಪಾಯಿತು. ಅವನು ಎದ್ದು, ಟೆಂಪೋದವನನ್ನು ಇನ್ನಷ್ಟು ಹೊತ್ತು ನಿಲ್ಲಿಸಲು ಹೊರಗೆ ಹೋದ.

ಟೆಂಪೋ ಅಷ್ಟರವರೆಗೆ ಮುಗಿದಿದ್ದ ಅರ್ಧ ಲಾಟು ಹೊತ್ತು ಹೋಯಿತು. ಉಳಿದದ್ದು ಮುಂದಿನ ವಾರ ಎಂದು ಗಿರಾಕಿಗೆ ಹೇಳಿದರೆ ಅವನು "ಹೂಂ" ಎಂದ, ಅಷ್ಟೇ. ಆ ಹೂಂ ಒಪ್ಪಿಗೆಯೋ ಕೊನೆಯ ಮಾತೋ ಇನ್ನೂ ಗೊತ್ತಾಗಿಲ್ಲ. ಅವನ ನಂಬರಿನಿಂದ ಫೋನ್ ಬಂದರೆ ನಾನು ಪಾಲುದಾರನ ಮುಖ ನೋಡುತ್ತೇನೆ, ಇವನು ನನ್ನದು.

ಅಂದು ಬಾಗಿಲು ಹಾಕುವ ಮುಂಚೆ ಪಾಲುದಾರ ಸವೆದ ಪಿನ್ನುಗಳನ್ನು ಒಟ್ಟುಮಾಡಿ ಕವರಿನ ಬಾಯಿ ತೆರೆದ. "ಸ್ಯಾಂಪಲ್ ಇರ್ಲಿ."

ನಾನು ಕವರು ಕಸಿದುಕೊಂಡು, ಕಟ್ಟರ್‌ನಿಂದ ಪ್ರತಿ ಪಿನ್ನಿನ ತುದಿಯನ್ನೂ ಕತ್ತರಿಸಿ ಒಳಗೆ ಹಾಕಿದೆ.

"ಹುಚ್ಚ ಅದೀ ನೀ."

"ತೋರಸಾಕ ಇಷ್ಟ ಸಾಕು," ಎಂದೆ. "ಹಾಕಾಕ ಬರಬಾರದು."

ಮರುದಿನ ಶೆಡ್ಡಿಗೆ ಬಂದವನೇ ಮೊದಲು ಡ್ರಾವರ್ ತೆಗೆದು ಕವರು ಅಂಗೈ ಮೇಲೆ ಕೊಡವಿದೆ. ತುಂಡುಗಳೇ ಬಿದ್ದವು. ಈಗಲೂ ಆಗಾಗ ಕೊಡವಿ ನೋಡುತ್ತೇನೆ.